ತುಳಸಿಗೆ ಬಾಯಾರಿಕೆ ಎಷ್ಟು?

"ಏನಯ್ಯಾ, ತುಳಸಿ ಕುಂಡಕ್ಕೆ ಎರಡು ಮೊಳೆ ಚುಚ್ಚಿದ್ದೀರಿ! ಯಾವನಾದ್ರೂ ಮಂತ್ರವಾದಿ ಹೇಳಿದ್ನೇ?" ಕಾಂಪೌಂಡ್ ಆಚೆಯಿಂದ ಅಜ್ಜಿಯ ವಿಚಾರಣೆ ಶುರು.

ಮಂತ್ರವೂ ಇಲ್ಲ, ಮಾಟವೂ ಇಲ್ಲ ಅಜ್ಜಿ, ಮಗಳ ಪ್ರೋಗ್ರಾಮಿಂಗ್ ಪಾಠ. ಅಂಗೈಯಲ್ಲಿ ಅಡಗೋ ಈ ಬೋರ್ಡ್ ಹೆಸರು ಮೈಕ್ರೋಬಿಟ್. 2016ರಲ್ಲಿ ಬಿಬಿಸಿಯವರು ಬ್ರಿಟನ್ನಿನ 11-12 ವರ್ಷದ ಮಕ್ಕಳಿಗೆ ಪುಕ್ಕಟೆ ಹಂಚಿದ್ದು. ಸುಮಾರು 10 ಲಕ್ಷ!

"ಬಿಬಿಸಿ ಅಂದ್ರೆ ರೇಡಿಯೋದವರಲ್ವೇ? ಅವರಿಗ್ಯಾಕೆ ಈ ಉಸಾಬರಿ?"

ಅದು ಅವರ ಹಳೇ ಚಾಳಿ. 1981ರಲ್ಲೇ ಬಿಬಿಸಿ ಮೈಕ್ರೋ ಅಂತ ಕಂಪ್ಯೂಟರ್ ಮಾಡಿಸಿ, ಆಮೇಲೆ ಟಿವಿಯಲ್ಲಿ ಪಾಠವನ್ನೂ ಹೇಳಿದವರು ಅವರು.

ಈ ಮೈಕ್ರೋಬಿಟ್ ಬಳಸೋದು ಕಷ್ಟವೇನಲ್ಲ. ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಥರ ಕಾಣಿಸ್ಕೊಳ್ಳತ್ತೆ. ಮೇಕ್‌ಕೋಡ್ ಅನ್ನೋ ಪ್ರೋಗ್ರಾಮಿಂಗ್ ತಾಣದಲ್ಲಿ ಬಣ್ಣಬಣ್ಣದ ಆದೇಶದ ತುಂಡು ಜೋಡಿಸಿ, ಬಂದ ಫೈಲನ್ನು ಅದರೊಳಗೆ ಎಳೆದು ಹಾಕಿದರೆ ಮುಗೀತು. ಆದರೆ ಕೇಬಲ್ ಸರಿಯಾದದ್ದೇ ಬೇಕು. ಕೆಲವು ಚಾರ್ಜರ್ ಕೇಬಲ್‌ಗಳಲ್ಲಿ ಕರೆಂಟ್ ಮಾತ್ರ ಹೋಗತ್ತೆ, ಮಾಹಿತಿ ಹೋಗಲ್ಲ. ದೀಪ ಉರಿಯತ್ತೆ, ಡ್ರೈವ್ ಕಾಣಲ್ಲ.

"ನಮ್ಮನೆಯವರ ಹಾಗೇ ಅನ್ನು. ಊಟ ಒಳಗೆ ಹೋಗತ್ತೆ, ಮಾತು ಹೊರಗೆ ಬರಲ್ಲ."

ಅಜ್ಜಿಯ ಮನೆಯೊಳಗಿಂದ ಪೇಪರ್ ಮಗುಚಿದ ಸದ್ದು ಜೋರಾಗಿಯೇ ಕೇಳಿಸಿತು.

ಬೋರ್ಡಿನಲ್ಲಿ 25 ಕೆಂಪು ದೀಪಗಳಿವೆ ಅಜ್ಜಿ. ಬೆಳಕು ಎಷ್ಟಿದೆ ಅಂತ ನೋಡೋಕೆ ಬೇರೆ ಕಣ್ಣಿಲ್ಲ, ಆ ದೀಪಗಳೇ ಬೆಳಕನ್ನು ಅಳೆಯುತ್ತವೆ, 0ಯಿಂದ 255ರವರೆಗೆ. ಸೆಖೆ ಎಷ್ಟು ಅಂತ ಕೇಳಿದರೆ ಮಾತ್ರ ಚಿಪ್ಪು ತನ್ನ ಮೈಬಿಸಿಯನ್ನೇ ಹೇಳತ್ತೆ. ಅದಕ್ಕೇ ಕೋಣೆಯ ಶಾಖಕ್ಕಿಂತ ಒಂದಿಷ್ಟು ಜಾಸ್ತಿ ತೋರಿಸೋದು.

"ಆಯ್ತಪ್ಪ, ಮೊಳೆ ಯಾಕೆ?"

ಒಂದು ಮೊಳೆಗೆ 3 ವೋಲ್ಟ್, ಇನ್ನೊಂದಕ್ಕೆ ಬೋರ್ಡಿನಲ್ಲಿ 0 ಅಂತ ಬರೆದಿರೋ ಪಿನ್ನು. ಮಣ್ಣು ಒದ್ದೆಯಾದಷ್ಟೂ ಕರೆಂಟ್ ಚೆನ್ನಾಗಿ ಹರಿದು ಆ ಪಿನ್ನು ಓದೋ ಅಂಕಿ ಏರತ್ತೆ, ಒಣಗಿದರೆ ಇಳಿಯತ್ತೆ. 1023 ದಾಟಲ್ಲ. ಸದಾ ಕರೆಂಟ್ ಬಿಟ್ಟರೆ ಮೊಳೆ ಬೇಗ ಸವೆಯತ್ತೆ, ಅದಕ್ಕೆ ಅಳೆಯೋ ಹೊತ್ತಿಗೆ ಮಾತ್ರ ಬಿಡಬೇಕು.

"ಇಷ್ಟಕ್ಕೆಲ್ಲ ಮೊಳೆ, ತಂತಿ! ಬೆರಳು ಚುಚ್ಚಿದರೆ ಗೊತ್ತಾಗಲ್ವೇ?"

ಅಲ್ಲೇ ಇರೋದು ಮಜಾ. ಬೋರ್ಡಿಗೆ ಅಂಕಿ ಗೊತ್ತು, ಒಣಗಿದೆಯೋ ಇಲ್ಲವೋ ಗೊತ್ತಿಲ್ಲ. ನಿಮ್ಮ ಬೆರಳಿಗೆ ಒಣಗಿದ್ದು ಗೊತ್ತು, ಅಂಕಿ ಗೊತ್ತಿಲ್ಲ. ಎಷ್ಟಕ್ಕಿಂತ ಇಳಿದರೆ ದೀಪಗಳಲ್ಲಿ ಅಳುಮುಖ ತೋರಿಸಬೇಕು ಅಂತ ಯಾರಾದರೂ ತೀರ್ಮಾನ ಮಾಡಲೇಬೇಕಲ್ಲ? ಮಗಳು ಅಂದಾಜಿಗೆ 500 ಅಂತ ಹಾಕಿದ್ದಾಳೆ. ಬೆಳಗ್ಗೆ ನೀರು ಹಾಕಿದ ಗಿಡವೂ ಮಧ್ಯಾಹ್ನಕ್ಕೇ ಅಳ್ತಾ ಕೂತಿದೆ.

ಅಜ್ಜಿ ಸೆರಗು ಸಿಕ್ಕಿಸಿ, ಗೇಟು ತೆಗೆದು ಬಂದೇಬಿಟ್ಟರು. ಕುಂಡಕ್ಕೆ ಬೆರಳು ಚುಚ್ಚಿ, "ಇನ್ನೂ ತೇವ ಇದೆ, ನಾಳೆವರೆಗೆ ಬೇಡ" ಅಂದರು. ಮಗಳು ಆ ಹೊತ್ತಿನ ಅಂಕಿ ಬರೆದುಕೊಂಡಳು. ಮರುದಿನ ಬಂದು "ಈಗ ಹಾಕು" ಅಂದಾಗಿನದನ್ನೂ ಬರೆದುಕೊಂಡಳು. 500 ಅಳಿಸಿ ಅಜ್ಜಿಯ ಅಂಕಿ ಹಾಕಿದ ಮೇಲೆ ತುಳಸಿ ಹೊತ್ತಿಗೆ ಸರಿಯಾಗಿ ಅಳತೊಡಗಿತು.

ಇನ್ನು ಗುಲಾಬಿಗೂ ಇದನ್ನೇ ಇಡೋಣ ಅಂತ ಮಗಳು ಮೊಳೆ ಕೀಳೋಕೆ ಹೋದಳು. ಅಜ್ಜಿ ಕೈ ಹಿಡಿದರು. "ಕೆಂಪು ಮಣ್ಣಿನ ಲೆಕ್ಕವನ್ನು ಗೊಬ್ಬರದ ಮಣ್ಣಿಗೆ ಹಾಕ್ತೀಯೇನೇ? ಅದಕ್ಕೆ ಬೇರೆ ಬೆರಳು, ಬೇರೆ ಅಂಕಿ. ನಾಳೆ ಬರ್ತೀನಿ. ನಿಮ್ಮಮ್ಮನಿಗೆ ಕಾಫಿಗೆ ಇಡೋಕೆ ಹೇಳು, ಮೊಳೆಗಾದ್ರೆ ಕರೆಂಟ್ ಸಾಕು, ನನಗೆ ಸಾಲದು."