ಹಿಚ್ ಮೀಮಾಂಸೆ

ಅಮೆರಿಕದ ಹಳೆಯ ಗಾರ್ಡನ್ ಟ್ರ್ಯಾಕ್ಟರಿನ ಹಿಂಬದಿಗೆ, ನೇಗಿಲು ಕಟ್ಟಿ ಎತ್ತಿಳಿಸುವ ಲಿಫ್ಟ್ ಹಿಚ್ ಕೂರಿಸುವ ಕರ್ಮದ ಬಗ್ಗೆ ಕೈಪಿಡಿಗಳು ಬೇಕಾದಷ್ಟಿವೆ. ಶಾಸ್ತ್ರ ಮಾತ್ರ ಇಲ್ಲ. ಯಾವ ಬೋಲ್ಟು ಯಾವ ತೂತಿಗೆ ಎಂಬುದನ್ನು ಕೈಪಿಡಿ ಹೇಳೀತು. ಈ ಕರ್ಮಕ್ಕೆ ಅಧಿಕಾರಿ ಯಾರು, ಇದರ ಫಲವೇನು, ಆ ಫಲ ಇಹದಲ್ಲಿ ಸಿಕ್ಕೀತೋ ಪರದಲ್ಲೋ ಎಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ. ಅಧಿಕಾರಿಯ ಲಕ್ಷಣವನ್ನು ಹೇಳುವುದು ಸುಲಭ. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1961ರಲ್ಲಿ ಹೊರತಂದ ಕಬ್ ಕೆಡೆಟ್ಟೋ 1963ರ ಜಾನ್ ಡೀರ್ 110 ಮಾದರಿಯೋ ಯಾರ ಶೆಡ್ಡಿನಲ್ಲಿದೆಯೋ ಅವನೇ ಅಧಿಕಾರಿ. ಎರಡೂ ಒಂಟಿ ಸಿಲಿಂಡರಿನ, ಏಳು ಅಶ್ವಶಕ್ತಿಯ ಯಂತ್ರಗಳು. ಹೊಟ್ಟೆಯಡಿ ಹುಲ್ಲು ಕತ್ತರಿಸುವ ಡೆಕ್ ತೂಗಿಸಿಕೊಂಡು ಅಂಗಳ ಸುತ್ತುವುದು ಅವುಗಳ ದಿನಚರಿ. ಹಿತ್ತಲ ತರಕಾರಿ ಮಡಿಯನ್ನೂ ಉತ್ತಾವು ಎಂಬುದು ಅವುಗಳ ಮಾಲೀಕರ ನಂಬಿಕೆ. ಕಷ್ಟವಿರುವುದು ಫಲನಿರ್ಣಯದಲ್ಲಿ. ಹಿಚ್ಚಿನ ಫಲ ಉಳುಮೆ ಎಂದು ಲೋಕವೆಲ್ಲ ತಿಳಿದಿದೆ. ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ, ಲೋಕ ಇದನ್ನು ಕಾಮ್ಯಕರ್ಮವೆಂದು ಭ್ರಮಿಸಿದೆ. ಇದು ನಿತ್ಯಕರ್ಮ: ಮಾಡಿದರೆ ಇಂಥದೇ ಎಂಬ ಫಲವಿಲ್ಲ, ಮಾಡದೆ ಬಿಟ್ಟರೆ ದೋಷ ತಪ್ಪದು. ಇದೇ ನಮ್ಮ ಪ್ರತಿಜ್ಞೆ.

ಮೊದಲು ಇತಿಹಾಸ ಪ್ರಮಾಣ. ಟ್ರ್ಯಾಕ್ಟರಿಗೆ ನೇಗಿಲನ್ನು ಮೂರು ಬಿಂದುಗಳಲ್ಲಿ ಕಟ್ಟುವ ವಿದ್ಯೆಯ ಆಚಾರ್ಯ ಉತ್ತರ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಅದಕ್ಕೆ ಮುಂಚೆ ನೇಗಿಲು ಟ್ರ್ಯಾಕ್ಟರಿನ ಹಿಂದೆ ಸರಪಳಿ ಕಟ್ಟಿದಂತೆ ಎಳೆದುಕೊಂಡು ಬರುತ್ತಿತ್ತು. ಗುಳ ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಮುಂದಿನ ಗಾಲಿಗಳು ಮೇಲೆದ್ದು, ಟ್ರ್ಯಾಕ್ಟರು ಹಿಮ್ಮುಖವಾಗಿ ಚಾಲಕನ ಮೇಲೆಯೇ ಮಗುಚುವುದೂ ಇತ್ತು. ಫರ್ಗ್ಯುಸನ್ ಮೇಲೊಂದು ಕೊಂಡಿ, ಕೆಳಗೆ ಎರಡು ತೋಳು ಇಟ್ಟ. ನೇಗಿಲಿಗೆ ತಡೆ ಬಂದರೆ ಮೇಲಿನ ಕೊಂಡಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿ ಮೂತಿಯನ್ನು ನೆಲಕ್ಕೆ ಒತ್ತುತ್ತದೆ. ಆ ಒತ್ತಡವನ್ನೇ ಅರಿತು ಹೈಡ್ರಾಲಿಕ್ಸ್ ನೇಗಿಲನ್ನು ಚೂರು ಎತ್ತುತ್ತದೆ. ಎತ್ತಿನ ಹಿಂದೆ ನಡೆಯುವ ರೈತನ ಅಂಗೈ ನೇಗಿಲ ಹಿಡಿಯ ಮೇಲೆ ಮಾಡುವ ಕೆಲಸವನ್ನು ಎಣ್ಣೆಯಿಂದ ಮಾಡಿಸಿದ್ದು ಅವನ ಹೆಚ್ಚುಗಾರಿಕೆ. 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈಕುಲುಕಿ ಒಪ್ಪಂದವಾಯಿತು, 1939ರಲ್ಲಿ ಫೋರ್ಡ್ 9ಎನ್ ಟ್ರ್ಯಾಕ್ಟರ್ ಬಂತು. ಫೋರ್ಡ್‌ನ ಮೊಮ್ಮಗನ ಕಾಲದಲ್ಲಿ ಒಪ್ಪಂದ ಮುರಿಯಿತು. ಮೂರು ಕಡೆ ಕಟ್ಟಿದರೆ ಬಿಡಿಸಿಕೊಳ್ಳದು ಎಂದು ಲೋಕಕ್ಕೆ ಕಲಿಸಿದವನು ತನ್ನ ಒಪ್ಪಂದಕ್ಕೆ ಒಂದು ಸಹಿಯನ್ನೂ ಹಾಕಿಸಿಕೊಂಡಿರಲಿಲ್ಲ. ವ್ಯಾಜ್ಯ 1952ರಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು.

ಈಗ ಗಾರ್ಡನ್ ಟ್ರ್ಯಾಕ್ಟರಿನ ಸಾಮಾನ್ಯ ಹಿಚ್ಚನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅಮೆರಿಕದಲ್ಲಿ ಸ್ಲೀವ್ ಹಿಚ್ ಎನ್ನುವ ಈ ಸಾಧನದಲ್ಲಿ ಒಂದು ಕಬ್ಬಿಣದ ಚೌಕಟ್ಟಿದೆ, ಒಂದು ದಪ್ಪ ಪಿನ್ನಿದೆ, ಡೆಕ್ ಎತ್ತುವ ಸನ್ನೆಯಿಂದಲೇ ಹಿಂದಕ್ಕೆ ಬರುವ ಒಂದು ಸರಳಿದೆ. ಮೇಲಿನ ಕೊಂಡಿ ಇಲ್ಲ. ತಡೆಯನ್ನು ಅರಿಯುವ ಹೈಡ್ರಾಲಿಕ್ಸ್ ಇಲ್ಲ. ಆಚಾರ್ಯರ ದರ್ಶನದಲ್ಲಿ ಯಾವುದು ತಿರುಳೋ ಅದೆಲ್ಲವನ್ನೂ ಬಿಟ್ಟು ‘ಎತ್ತು, ಇಳಿಸು’ ಎಂಬ ಎರಡೇ ಕ್ರಿಯಾಪದಗಳನ್ನು ಇದು ಉಳಿಸಿಕೊಂಡಿದೆ. ಉಳುಮೆಯೇ ಫಲವಾಗಿದ್ದರೆ, ಉಳುಮೆಗೆ ಬೇಕಾದದ್ದನ್ನೇ ಬಿಟ್ಟ ವಸ್ತುವಿಗಾಗಿ ಬುದ್ಧಿವಂತ ಜನ ಇಷ್ಟು ಬೆವರು ಸುರಿಸುವುದೇಕೆ? ಅರ್ಥಾಪತ್ತಿಯಿಂದ ಸಿದ್ಧವಾಗುವುದು ಒಂದೇ: ಫಲ ಬೇರೆಲ್ಲೋ ಇದೆ.

ಎಲ್ಲಿದೆ ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ. ಹಿಂದಿನ ಆಕ್ಸಲ್ ಪೆಟ್ಟಿಗೆಯ ಬೋಲ್ಟು ಅರವತ್ತು ವರ್ಷ ಮಣ್ಣು, ಗ್ರೀಸು, ಒದ್ದೆ ಹುಲ್ಲು ತಿಂದು ತಾನೂ ಪೆಟ್ಟಿಗೆಯೂ ಅದ್ವೈತ ಸಾಧಿಸಿರುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಸ್ಪ್ಯಾನರಿಗೆ ಕಬ್ಬಿಣದ ಪೈಪು ತೊಡಿಸಿ ಒತ್ತಿದರೆ ಮೊದಲು ಕಿರ್ರೆನ್ನುತ್ತದೆ, ಆಮೇಲೆ ಬೆಣ್ಣೆಯಷ್ಟು ಹಗುರವಾಗಿ ತಿರುಗುತ್ತದೆ. ಅನನುಭವಿ ಹಿಗ್ಗುವುದು ಆಗಲೇ. ತಿರುಗಿದ್ದು ತಲೆ ಮಾತ್ರ. ದೇಹ ಒಳಗೇ ಉಳಿದಿದೆ. ಅದರ ನಡುಮಧ್ಯಕ್ಕೆ ಡ್ರಿಲ್ಲಿನಿಂದ ತೂತು ಕೊರೆದು, ಎಡಮರೆಯ ಎಕ್ಸ್‌ಟ್ರ್ಯಾಕ್ಟರ್ ಇಳಿಸಿ ತಿರುಗಿಸಬೇಕು. ಎಕ್ಸ್‌ಟ್ರ್ಯಾಕ್ಟರ್ ಗಟ್ಟಿ ಉಕ್ಕಿನದು, ಗಟ್ಟಿಯಾದದ್ದರಿಂದಲೇ ಪೆಡಸು. ಅದೂ ಒಳಗೇ ಮುರಿಯುತ್ತದೆ. ಈಗ ಬೋಲ್ಟಿನೊಳಗೆ ಅದಕ್ಕಿಂತ ಗಟ್ಟಿಯಾದ ಇನ್ನೊಂದು ವಸ್ತು ಸೇರಿಕೊಂಡಿದೆ, ಮಾಮೂಲಿ ಡ್ರಿಲ್ ಬಿಟ್ಟು ಅದರ ಮೇಲೆ ಜಾರುತ್ತದೆ. ಇಷ್ಟೆಲ್ಲ ನಡೆಯುವಾಗ ಕರ್ತೃವಿನ ಮುಖದಲ್ಲಿ ಕಾಣುವ ಏಕಾಗ್ರತೆ ಉಳುವಾಗ ಕಾಣುವುದಿಲ್ಲ. ಫಲ ಯಾವ ಘಟ್ಟದಲ್ಲಿ ಉದಿಸುತ್ತದೆಂದು ಬೇರೆ ಹೇಳಬೇಕಿಲ್ಲ.

ಹಿಚ್ ಕೂತಿತು ಎಂದೇ ಇಟ್ಟುಕೊಳ್ಳೋಣ. ಆಗ ತಾರ್ಕಿಕರು ಹೆದರುವ ಅನವಸ್ಥಾ ದೋಷ ಕಾಲಿಡುತ್ತದೆ. ಹಿಂದೆ ಭಾರ ನೇತಾಡಿದರೆ ಮುಂದಿನ ಗಾಲಿಗಳು ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಆದ್ದರಿಂದ ಮೂತಿಗೆ ತೂಕದ ಕಲ್ಲಿನಂಥ ಬೀಡುಕಬ್ಬಿಣ ಬೇಕು, ಅದನ್ನು ಹೊರಲು ಬ್ರಾಕೆಟ್ ಬೇಕು, ಬ್ರಾಕೆಟ್ ಕೂರಿಸಲು ಮುಂಬದಿಯ ಬೋಲ್ಟು ಬಿಚ್ಚಬೇಕು. ಆ ಬೋಲ್ಟಿನ ಚರಿತ್ರೆ ಹಿಂದಿನದರಂತೆಯೇ. ನೇಗಿಲು ಎಳೆಯುವಾಗ ಹಿಂದಿನ ಟೈರು ಜಾರುತ್ತದೆ; ಟೈರಿನೊಳಗೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಬೇಕು; ಅದು ಸೋರಿದರೆ ರಿಮ್ಮನ್ನು ತುಕ್ಕು ತಿನ್ನುತ್ತದೆ. ಹಾಗಾಗದಿರಲಿ ಎಂದು ಸಕ್ಕರೆ ಬೀಟಿನ ರಸ ತುಂಬಿಸುವವರೂ ಇದ್ದಾರೆ. ತೋಟದಲ್ಲಿ ತರಕಾರಿ ಬೆಳೆಯಲೆಂದು ಹೊರಟ ಯಂತ್ರ ಬೆಳೆಯುವ ಮೊದಲೇ ತರಕಾರಿ ಕುಡಿಯತೊಡಗಿತೆಂಬುದು ಈ ಶಾಸ್ತ್ರದ ರಮ್ಯ ಪ್ರಕರಣ. ಅನವಸ್ಥೆ ನ್ಯಾಯಶಾಸ್ತ್ರದಲ್ಲಿ ದೋಷವೇ ಇರಬಹುದು, ನಿತ್ಯಕರ್ಮಕ್ಕೆ ಅದೇ ಭೂಷಣ.

ಪೂರ್ವಪಕ್ಷಿಗಳು ಸುಮ್ಮನಿರುವುದಿಲ್ಲ. ನಿಜವಾದ ತ್ರಿಬಿಂದು ಹಿಚ್ಚೇ ಗಾರ್ಡನ್ ಟ್ರ್ಯಾಕ್ಟರಿಗೆ ಸಿಗುತ್ತದಲ್ಲ, ಅದನ್ನು ಕೂರಿಸಿದವನ ಫಲ ಉಳುಮೆಯೇ ಅಲ್ಲವೆ ಎನ್ನುತ್ತಾರೆ. ಸಿಗುತ್ತದೆ, ಅದಕ್ಕೆ ಕೆಟಗರಿ ಸೊನ್ನೆ ಎಂದು ಹೆಸರು. ನಮ್ಮ ವಾದವನ್ನು ಶೂನ್ಯವಾದವೆಂದು ಹಂಗಿಸುವವರು ಈ ಹೆಸರನ್ನು ಗಮನಿಸಲಿ. ಅದರ ಪಿನ್ನು ಇಂಚಿನ ಎಂಟನೇ ಐದು ಭಾಗ ದಪ್ಪ. ಅಗ್ಗಕ್ಕೆ ಸಿಕ್ಕಿತೆಂದು ತಂದ ದೊಡ್ಡ ಟ್ರ್ಯಾಕ್ಟರಿನ ಕೆಟಗರಿ ಒಂದರ ಸಲಕರಣೆಗೆ ಕೆಳಗಿನ ಪಿನ್ನು ಎಂಟನೇ ಏಳು ಭಾಗ. ತೋಳುಗಳ ಅಂತರವೂ ಬೇರೆ. ಆದ್ದರಿಂದ ಮತ್ತೆ ಅರ, ಮತ್ತೆ ಡ್ರಿಲ್, ಮತ್ತೆ ವೆಲ್ಡಿಂಗ್. ನವ್ಯರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತೋಳಿನ ಬಲ ಯಾಕೆ, 12 ವೋಲ್ಟಿನ ಮೋಟಾರು ಸರಳು ಹಾಕಿ ಗುಂಡಿ ಒತ್ತಿದರಾಯಿತು ಎನ್ನುತ್ತಾರೆ. ಬೆನ್ನುನೋವಿನವರಿಗೆ ಇದು ಒಳ್ಳೆಯದೇ, ಅದರಲ್ಲಿ ತಕರಾರಿಲ್ಲ. ಆದರೆ ಆ ಗುಂಡಿಯ ಹಿಂದೆ ಫ್ಯೂಸು, ರಿಲೇ, ಬ್ಯಾಟರಿ, ಹಳೆಯ ಜನರೇಟರಿನ ಬಡ ಚಾರ್ಜಿಂಗು ಸಾಲುಗಟ್ಟಿ ನಿಂತಿವೆ. ಕರ್ಮ ಯಂತ್ರಶಾಲೆಯಿಂದ ವಿದ್ಯುಚ್ಛಕ್ತಿ ವಿಭಾಗಕ್ಕೆ ವರ್ಗವಾಯಿತೇ ಹೊರತು ಮುಗಿಯಲಿಲ್ಲ.

ಗಟ್ಟಿಯಾದ ಆಕ್ಷೇಪ ಒಂದೇ ಉಳಿದಿದೆ. ಹಿಚ್ ಕೂರಿಸಿಯೇ ಮಾರಾಟಕ್ಕಿಟ್ಟ ಇನ್ನೊಂದು ಹಳೆಯ ಟ್ರ್ಯಾಕ್ಟರನ್ನು ಕೊಂಡರೆ? ಕೂರಿಸುವ ಕರ್ಮವೇ ಇಲ್ಲ, ಮರುದಿನವೇ ಉಳಬಹುದು, ಪ್ರತಿಜ್ಞೆ ಬಿದ್ದುಹೋಯಿತು. ಅಂಥ ಟ್ರ್ಯಾಕ್ಟರನ್ನು ಕೊಂಡವನು ಮನೆಗೆ ತಂದು ಏನು ಮಾಡುತ್ತಾನೆ ಎಂಬುದನ್ನು ಪೂರ್ವಪಕ್ಷಿ ವಿಚಾರಿಸಿದಂತಿಲ್ಲ. ಅವನು ಟೈರಿಗೆ ಗಾಳಿ ಕೂಡ ಹಾಕದೆ ಅದರಡಿ ಚಾಪೆ ಹಾಸಿ ಮಲಗುತ್ತಾನೆ, ಹಿಚ್ಚನ್ನು ಬಿಚ್ಚಿ ಮೊದಲನೆಯದಕ್ಕೆ ಕೂರಿಸಲು. ಅದರ ಬೋಲ್ಟುಗಳಿಗೂ ನಿನ್ನೆ ರಾತ್ರಿಯೇ ಎಣ್ಣೆ ಬಿದ್ದಿರುತ್ತದೆ.