ಯಾರಿಗಮ್ಮಾ ಈ ಮಾತ್ರೆ?

ತುರ್ತು ಗರ್ಭನಿರೋಧಕ ಲೆವೊನಾರ್ಜೆಸ್ಟ್ರೆಲ್ ಮಾತ್ರೆಗೆ ಡಾಕ್ಟರ ಚೀಟಿ ಬೇಡವೆಂದು ಕೇಂದ್ರ ಸರ್ಕಾರ ಹೇಳಿದ್ದು 2005ರಲ್ಲಿ. ಚಿಂತಾಮಣಿಯ ಮೆಡಿಕಲ್ ಸ್ಟೋರಿನಲ್ಲೂ ಚೀಟಿ ಕೇಳುವುದಿಲ್ಲ, ವಂಶಾವಳಿ ಕೇಳುತ್ತಾರೆ. ‘ಯಾರಿಗಮ್ಮಾ? ಮದುವೆ ಆಗಿದೆಯಾ? ಕೈವಾರದ ಕಡೆಯವರಲ್ವಾ? ನಿಮ್ಮಪ್ಪ ಟೊಮ್ಯಾಟೊ ಮಂಡಿಗೆ ಬರ್ತಿರ್ತಾರೆ.’ ಬಿಪಿ ಮಾತ್ರೆಗೆ ನಿಂತ ಮೇಷ್ಟ್ರು ಕಿವಿ ಇತ್ತ ತಿರುಗಿಸುತ್ತಾರೆ.

ಆ್ಯಂಟಿಬಯೋಟಿಕ್ಕನ್ನು ಚೀಟಿಯಿಲ್ಲದೆ ಕೊಡಕೂಡದೆಂಬುದು ಕಾನೂನು. ಅದನ್ನು ಕತ್ತರಿಯಿಂದ ನಾಲ್ಕು ಕತ್ತರಿಸಿ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಕೈಗಿಡುವ ಅಣ್ಣನಿಗೆ, ಚೀಟಿಯೇ ಬೇಡದ ಈ ಒಂದು ಮಾತ್ರೆಯ ಮುಂದೆ ಮಾತ್ರ ವೃತ್ತಿಧರ್ಮ ಮೈಮೇಲೆ ಬರುತ್ತದೆ. ‘ಇದು ಅಬಾರ್ಷನ್ ಮಾತ್ರೆ ಕಣಮ್ಮಾ. ಮುಂದೆ ಮಕ್ಕಳೇ ಆಗಲ್ಲ.’

ಎರಡೂ ಸುಳ್ಳು. ಅಂಡ ಬಿಡುಗಡೆಯಾಗುವುದನ್ನು ಮುಂದಕ್ಕೆ ತಳ್ಳುವುದು ಈ ಮಾತ್ರೆಯ ಕೆಲಸ. ಗರ್ಭ ನಿಂತಾಗಿದ್ದರೆ ಅದನ್ನು ತೆಗೆಯುವ ಶಕ್ತಿ ಇದಕ್ಕಿಲ್ಲ. ಗರ್ಭಪಾತದ ಮಾತ್ರೆಯೇ ಬೇರೆ, ಅದಕ್ಕೆ ಡಾಕ್ಟರು ಬೇಕೇ ಬೇಕು. ಮುಂದಿನ ಬಸಿರಿಗೂ ಇದರಿಂದ ಕುತ್ತಿಲ್ಲ. ವಾಕರಿಕೆ, ತಲೆನೋವು, ಮುಟ್ಟು ನಾಲ್ಕು ದಿನ ಹಿಂದುಮುಂದು, ಸಾಮಾನ್ಯವಾಗಿ ಕಾಡುವುದು ಇಷ್ಟೇ. ನುಂಗಿ 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ನುಂಗಬೇಕು. ಅಂದರೆ ಮತ್ತದೇ ಅಣ್ಣ, ಮತ್ತದೇ ಮೇಷ್ಟ್ರು.

72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನಮ್ಮೂರ ಲೆಕ್ಕ ಬೇರೆ. ಅಂಗಡಿ ಖಾಲಿಯಾಗಲೆಂದು ಎದುರಿನ ಬೇಕರಿಯಲ್ಲಿ ಕಾಯಲು ಒಂದು ದಿನ, ಗುರುತಿನವರಿಲ್ಲದ ಹೊಸಕೋಟೆಗೆ ಬಸ್ಸು ಹತ್ತಲು ನೆಪ ಹುಡುಕಲು ಇನ್ನೊಂದು ದಿನ. ಆಶಾ ಕಾರ್ಯಕರ್ತೆಯರ ಮೂಲಕವೂ ಈ ಮಾತ್ರೆ ತಲುಪಿಸುವ ಸರ್ಕಾರಿ ಯೋಜನೆಯಿದೆ, ನಿಜ. ಆದರೆ ಆಕೆ ಅದೇ ಬೀದಿಯವಳು, ಅತ್ತೆಗೆ ದೂರದ ನೆಂಟಳು.

ಚಿಂತಾಮಣಿಯೂ ಸೇರಿದ್ದ ಮೈಸೂರು ಸಂಸ್ಥಾನ 1930ರಲ್ಲೇ ಜನನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆದು ಜಗತ್ತಿಗೆ ಮುಂದಾಗಿತ್ತು. 2023ರ ಜನವರಿಯಲ್ಲಿ, 18 ತುಂಬದವರಿಗೆ ಗರ್ಭನಿರೋಧಕ ಮಾರುವಂತಿಲ್ಲವೆಂದು ಸುದ್ದಿ ಹಬ್ಬಿದಾಗ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಸ್ಪಷ್ಟನೆ ಕೊಟ್ಟಿತು: ನಿಷೇಧವಿಲ್ಲ, ಬುದ್ಧಿಮಾತು ಹೇಳಿದರೆ ಸಾಕು. ಬುದ್ಧಿಮಾತಿಗೆ ನಮ್ಮೂರ ಕೌಂಟರು ಇಲಾಖೆಯ ಅಪ್ಪಣೆಗೆ ಕಾದಿತ್ತೇ?

ಹುಡುಗ ಬಂದು ಕೇಳಿದರೆ ಮಾತ್ರ ಕೈವಾರವೂ ಇಲ್ಲ, ಮಂಡಿಯೂ ಇಲ್ಲ. ಮಾತ್ರೆ ಕರೀ ಕವರಿಗೆ ಬೀಳುತ್ತದೆ, ಜೊತೆಗೊಂದು ಕಣ್ಣುಮಿಟುಕು ಫ್ರೀ.