ಒಂದು ಕಾಳಿನ ಕಲಾವಿಮರ್ಶೆ

ಮೈಸೂರಿನಲ್ಲಿ ಮನೆ ಮಾಡಿಕೊಂಡವರು ಮೈಸೂರು ನೋಡುವುದಿಲ್ಲ. ಅರಮನೆಯ ದೀಪಗಳೆಲ್ಲ ಹತ್ತಿಕೊಂಡು ಜಗಜಗ ಎನ್ನುತ್ತಿದ್ದರೆ ಸ್ಕೂಟರಿನ ವೇಗ ಕೂಡ ತಗ್ಗಿಸದೆ ‘ಓ, ಇವತ್ತು ಭಾನುವಾರ ಅಲ್ಲವೇ’ ಎಂದುಕೊಂಡು ಹಾಲಿನ ಪ್ಯಾಕೆಟ್ ತರಲು ಹೋಗುತ್ತಾರೆ. ಚಾಮುಂಡಿ ಬೆಟ್ಟ ಇರುವುದು ಮಳೆ ಬರುತ್ತದೋ ಇಲ್ಲವೋ ನೋಡಿಕೊಂಡು ಬಟ್ಟೆ ಒಣಹಾಕುವುದಕ್ಕೆ. ಊರು ನೋಡಬೇಕಾದರೆ ನೆಂಟರೇ ಬರಬೇಕು. ಅವರು ಬಂದ ತಕ್ಷಣ ನಮ್ಮೊಳಗೆ ಮಲಗಿದ್ದ ಗೈಡ್ ಎದ್ದು ಕೂರುತ್ತಾನೆ. ನನ್ನೊಳಗಿನವನಂತೂ ಎದ್ದು, ಮುಖ ತೊಳೆದು, ಭಾಷಣವನ್ನೂ ಬರೆದಿಟ್ಟುಕೊಳ್ಳುತ್ತಾನೆ.

ತೀರ್ಥಹಳ್ಳಿ ಕಡೆಯಿಂದ ದೊಡ್ಡಮ್ಮ, ಅವರ ಮಗಳು ಅಂದರೆ ನನ್ನ ಅಕ್ಕ, ಭಾವ, ಕಾಲೇಜು ಓದುವ ಅಕ್ಕನ ಮಗಳು ಪುಟ್ಟಿ, ಇಷ್ಟು ಜನ ಮದುವೆಯೊಂದಕ್ಕೆಂದು ಬಂದವರು ಮದುವೆ ಮುಗಿಸಿಕೊಂಡು ನಮ್ಮ ಮನೆಯಲ್ಲಿ ಉಳಿದರು. ‘ನಾಳೆ ಒಂದು ದಿನ ಖಾಲಿ. ನೀನು ಕರೆದಲ್ಲಿಗೆ ಬರ್ತೇವೆ ಮಾರಾಯ’ ಎಂದರು ಭಾವ. ಝೂ ಎಂದಿದ್ದರೆ ಎಲ್ಲರಿಗೂ ಸುಖವಿತ್ತೇನೋ. ಆದರೆ ದೊಡ್ಡಮ್ಮ ಮೊದಲೇ ‘ಹಂದಿ, ಮಂಗ, ನವಿಲು ಎಲ್ಲ ನಮ್ಮ ತೋಟಕ್ಕೇ ಬರ್ತಾವೆ, ದುಡ್ಡು ಕೊಟ್ಟು ಎಂಥ ನೋಡೋದು’ ಎಂದುಬಿಟ್ಟರು. ನನಗೆ ಅಷ್ಟೇ ಸಾಕಾಯಿತು. ‘ಹಾಗಾದರೆ ನಾಳೆ ಕಲೆ’ ಎಂದು ಘೋಷಿಸಿದೆ. ಬೆಳಿಗ್ಗೆ ಹೊರಡುವ ಹೊತ್ತಿಗೆ ನನ್ನ ಹೆಂಡತಿಗೆ ತಲೆನೋವು ಬರುವ ಸೂಚನೆ ಕಾಣಿಸಿತು. ಅವಳು ನನ್ನ ಕಲಾಪ್ರವಚನವನ್ನು ಹಿಂದೆ ಕೇಳಿದ್ದಾಳೆ.

ತಿಂಡಿ ನಜರಬಾದಿನ ಮೈಲಾರಿ ದೋಸೆ. ಮೆತ್ತಗಿನ ದೋಸೆಯ ಮೇಲೆ ಬೆಣ್ಣೆಯುಂಡೆ, ಪಕ್ಕದಲ್ಲಿ ಬಿಳಿ ಚಟ್ನಿ. ಭಾವ ಸಾಂಬಾರಿಗಾಗಿ ಸ್ವಲ್ಪ ಹೊತ್ತು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಬರುವುದಿಲ್ಲ ಎಂದು ಗೊತ್ತಾದ ಮೇಲೆ ಇನ್ನೆರಡು ದೋಸೆ ತರಿಸಿದರು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಜಗನ್ಮೋಹನ ಅರಮನೆಯ ಮುಂದೆ ಇಳಿದು ನಾನು ಗಂಟಲು ಸರಿಮಾಡಿಕೊಂಡೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, 1861. ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದಲ್ಲೇ ಬೆಂಕಿಗೆ ಹೋದಾಗ ರಾಜಮನೆತನ ಬಂದಿದ್ದದ್ದು ಇಲ್ಲಿಗೆ. ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ಸಿಕ್ಕಿದ್ದು ಇಲ್ಲೇ, ವೈಸ್‌ರಾಯ್ ಕರ್ಜನ್ ಎದುರಿಗೆ. 1915ರಲ್ಲಿ ಚಿತ್ರಶಾಲೆಯಾಯಿತು. ಇಷ್ಟನ್ನು ನಾನು ಇಸವಿಗಳೊಂದಿಗೆ ಒಂದೇ ಉಸಿರಿಗೆ ಹೇಳಿ ತಿರುಗಿ ನೋಡಿದರೆ ಭಾವ ಬಾಗಿಲಿನ ಮರವನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದರು. ‘ಸಾಗವಾನಿ. ಈಗಿನ ರೇಟಿಗೆ ಈ ಒಂದು ಬಾಗಿಲು ಎಷ್ಟಾದೀತು, ಹೇಳು ನೋಡೋಣ?’ ಕರ್ಜನ್ ಬಗ್ಗೆ ಅವರಿಗೆ ಯಾವ ಸಂದೇಹವೂ ಇರಲಿಲ್ಲ.

ಒಳಗೆ ಹೋದ ಮೇಲೆ ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಪುಟ್ಟ ಸೈನಿಕರಿರುವ ಫ್ರೆಂಚ್ ಗಡಿಯಾರ ನೋಡಿದರು. ವೀಣೆಗಳನ್ನು ನೋಡಿದರು. ನಾನು ಯುರೋಪಿನ ತೈಲವರ್ಣ, ಮೈಸೂರು ಸಂಪ್ರದಾಯದ ಗೆಸ್ಸೊ ಕೆಲಸ ಅಂತೆಲ್ಲ ಹೇಳುತ್ತಿದ್ದೆ, ಅವರು ತಲೆಯಾಡಿಸುತ್ತಿದ್ದರು. ಅಷ್ಟರಲ್ಲಿ ಆ ಅಕ್ಕಿಕಾಳು ಬಂತು.

ಅಕ್ಕಿಕಾಳಿನ ಮೇಲೆ ಚಿತ್ರ ಬರೆದು ಇಟ್ಟಿದ್ದಾರೆ. ಬರಿಗಣ್ಣಿಗೆ ಕಾಣುವುದಿಲ್ಲ, ಭೂತಗನ್ನಡಿಯಲ್ಲಿ ನೋಡಬೇಕು. ಜನ ಒಬ್ಬೊಬ್ಬರಾಗಿ ಬಗ್ಗಿ, ಒಂದು ಕಣ್ಣು ಮುಚ್ಚಿ, ‘ಅಬ್ಬಾ’ ಎಂದು ಮುಂದೆ ಹೋಗುತ್ತಾರೆ. ದೊಡ್ಡಮ್ಮ ಬಗ್ಗಿದರು. ‘ಅಬ್ಬಾ’ ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಹಾಕಿಕೊಂಡು ಮತ್ತೆ ಬಗ್ಗಿದರು. ನಾನು ಒಳಗೊಳಗೇ ಹಿಗ್ಗಿದೆ. ಕಲೆ ಎಂದರೆ ಇದು, ಎಪ್ಪತ್ತು ದಾಟಿದ ಕೃಷಿಕ ಮಹಿಳೆಯನ್ನೂ ಹಿಡಿದು ನಿಲ್ಲಿಸಿಬಿಡುತ್ತದೆ ಅಂತೆಲ್ಲ ಮನಸ್ಸಿನಲ್ಲಿ ವಾಕ್ಯ ಕಟ್ಟುತ್ತಿದ್ದೆ. ದೊಡ್ಡಮ್ಮ ತಲೆಯೆತ್ತದೆ ಕೇಳಿದರು.

‘ಅಪ್ಪಿ, ಇದು ಯಾವ ಅಕ್ಕಿ?’

‘ಅಕ್ಕಿ ಅಲ್ಲ ದೊಡ್ಡಮ್ಮ, ಅದರ ಮೇಲಿನ ಚಿತ್ರ...’

‘ಚಿತ್ರ ಇರಲಿ ಮಾರಾಯ. ಅಕ್ಕಿ ಯಾವುದು? ಜೀರಿಗೆ ಸಣ್ಣ ಅಲ್ಲ, ಅದು ಇದಕ್ಕಿಂತ ಗಿಡ್ಡ. ಕೆಂಪಕ್ಕಿಯಂತೂ ಅಲ್ಲವೇ ಅಲ್ಲ. ಅರಮನೆಯದ್ದು ಅಂದರೆ ರಾಜಮುಡಿ ಆಗಬೇಕಿತ್ತು, ಅಲ್ದಾ?’

ಇದಕ್ಕೆ ಉತ್ತರ ನನ್ನ ಭಾಷಣದಲ್ಲಿ ಇರಲಿಲ್ಲ. ಒಡೆಯರ ಊಟಕ್ಕೆಂದೇ ರಾಜಮುಡಿ ಬೆಳೆಯುತ್ತಿದ್ದರು ಎಂಬುದು ನಾನು ಹೇಳಬೇಕಾದ ಮಾತು. ಅದನ್ನು ದೊಡ್ಡಮ್ಮನೇ ಹೇಳಿ ನನ್ನ ಹತ್ತಿರ ಲೆಕ್ಕ ಕೇಳುತ್ತಿದ್ದರು. ನಾನು ಕಲಾವಿದನ ತಾಳ್ಮೆ, ಒಂದೇ ಕೂದಲಿನ ಕುಂಚ ಎಂದು ಏನೋ ಶುರುಮಾಡಿದೆ. ಅವರು ಕೈಯಲ್ಲೇ ತಡೆದರು. ಭತ್ತವನ್ನು ಮಿಲ್ಲಿನಲ್ಲಿ ಮಾಡಿಸಿದ್ದೋ, ಒರಳಿನಲ್ಲಿ ಕುಟ್ಟಿದ್ದೋ? ಕುಟ್ಟಿದ್ದಾದರೆ ತುದಿ ಇಷ್ಟು ಸರಿಯಾಗಿ ಹೇಗೆ ಉಳಿಯಿತು? ನುಚ್ಚಾಗದ ಕಾಳು ಆರಿಸಿದವರು ಯಾರು? ‘ಬರೆದವನಿಗಿಂತ ಆರಿಸಿದವಳು ಜಾಣೆ’ ಎಂದರು. ಆರಿಸಿದ್ದು ಹೆಂಗಸೇ ಎಂಬ ಬಗ್ಗೆ ಅವರಿಗೆ ಅನುಮಾನ ಇರಲಿಲ್ಲ.

ಹಿಂದೆ ಸಾಲು ಬೆಳೆಯುತ್ತಿತ್ತು. ಟೀ ಶರ್ಟಿನ ಯುವಕನೊಬ್ಬ ‘ಅಂಕಲ್, ಸ್ವಲ್ಪ ಬೇಗ’ ಎಂದ. ಅಂಕಲ್ ನಾನು. ಇಂಥವರಿಗೆ ಒಂದು ಕಾಳಿನ ಎದುರು ಎರಡು ನಿಮಿಷ ನಿಲ್ಲುವ ವ್ಯವಧಾನ ಇರುವುದಿಲ್ಲ. ಬರುವುದು, ಮೊಬೈಲ್ ಎತ್ತುವುದು, ಚಿತ್ರದ ಕಡೆ ಬೆನ್ನು ಹಾಕಿ ಹಲ್ಲು ಕಿರಿಯುವುದು, ಮುಂದೆ ನಡೆಯುವುದು. ರವಿವರ್ಮನ ದೇವತೆಗಳೆಲ್ಲ ಇವರ ಭುಜದ ಮೇಲೆ ಇಣುಕಿಕೊಂಡು ಬದುಕಬೇಕು. ದೊಡ್ಡಮ್ಮ ಅಕ್ಕಿಯನ್ನಾದರೂ ನೋಡುತ್ತಿದ್ದಾರೆ ಎಂದು ನನಗೆ ಇದ್ದಕ್ಕಿದ್ದಂತೆ ಸಿಟ್ಟು, ಅಭಿಮಾನ ಎರಡೂ ಬಂದು ‘ಬೇಗ ಅಂದರೆ ಬಸ್ ಸ್ಟ್ಯಾಂಡಿಗೆ ಹೋಗಪ್ಪ’ ಎಂದುಬಿಟ್ಟೆ.

ಗಲಾಟೆ ಕೇಳಿ ಅಲ್ಲಿನ ಕಾವಲಿನವರು ಬಂದರು. ನಾನು ಕ್ಷಮೆ ಕೇಳುವ ಮುಖ ಮಾಡಿಕೊಳ್ಳುವಷ್ಟರಲ್ಲಿ ದೊಡ್ಡಮ್ಮ ಅವರನ್ನೇ ಹಿಡಿದರು.

‘ಅಲ್ಲ, ಇದಕ್ಕೆ ಹುಳ ಹಿಡಿಯೋದಿಲ್ವಾ? ನಾವು ಡಬ್ಬಿಯಲ್ಲಿ ಇಟ್ಟರೂ ಎರಡು ತಿಂಗಳಿಗೆ ಕುಟ್ಟೆ ಬರ್ತದೆ. ಬೇವಿನ ಸೊಪ್ಪು ಏನಾದ್ರೂ ಹಾಕ್ತೀರೋ?’

ಅವರು ಮಂಡ್ಯದ ಕಡೆಯವರಿರಬೇಕು. ಗಂಭೀರವಾಗಿದ್ದ ಮುಖ ಸಡಿಲವಾಯಿತು. ‘ಬೇವು ಎಲ್ಲಿ ಹಾಕಾದು ಕನವ್ವ, ಗಾಜಿನೊಳಗೆ ಗಾಳೀನೇ ಇಲ್ಲ, ಹುಳ ಎಲ್ಲಿಂದ ಬಂದಾದು’ ಎಂದರು. ‘ನಮ್ಮ ಮನೇಲಿ ಒಣಮೆಣಸಿನಕಾಯಿ ಹಾಕ್ತೀವಿ.’ ಮೆಣಸಿನಕಾಯಿ ಒಳ್ಳೆಯದೋ ಬೇವು ಒಳ್ಳೆಯದೋ ಎಂಬುದು ಆರಂಭವಾಯಿತು. ಅಲ್ಲಿಂದ ಜ್ಯೋತಿ, ತನು, ಐ.ಆರ್. 64ಕ್ಕೆ ಹೋಯಿತು. ಯಾವುದರಲ್ಲಿ ಹುಲ್ಲು ಹೆಚ್ಚು, ಯಾವುದರ ಅನ್ನ ಸಂಜೆಗೆ ಗಟ್ಟಿಯಾಗುತ್ತದೆ, ನಾಲೆಯಲ್ಲಿ ನೀರು ಯಾವಾಗ ಬಿಡುತ್ತಾರೆ. ಸಾಲಿನಲ್ಲಿದ್ದ ಇಬ್ಬರು ಹೆಂಗಸರು ‘ಲವಂಗ ಹಾಕಿ ನೋಡಿ’ ಎಂದು ಸೇರಿಕೊಂಡರು. ಆ ಕಾಳಿನ ಮೇಲೆ ಏನು ಬರೆದಿತ್ತು ಎಂದು ನನ್ನನ್ನು ಕೇಳಬೇಡಿ. ಭೂತಗನ್ನಡಿ ನನ್ನ ಸರದಿಗೆ ಬರಲೇ ಇಲ್ಲ.

ದೀಪ ಹಿಡಿದ ಮಹಿಳೆಯ ಚಿತ್ರದ ಎದುರಾದರೂ ನನ್ನ ಮಾನ ಉಳಿಯಬಹುದು ಎಂದುಕೊಂಡೆ. ಎಲ್ಲರ ಮನೆಯ ಕ್ಯಾಲೆಂಡರಿನಲ್ಲೂ ಬಂದು ಹೋದವಳು. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ, ಬೆರಳ ಸಂದಿನಿಂದ ಕೆಂಪು ಬೆಳಕು. ‘ರವಿವರ್ಮನದ್ದು!’ ಎಂದರು ಭಾವ, ಹಳೆಯ ಪರಿಚಯದವರನ್ನು ಕಂಡಂತೆ. ನಾನು ಕಾದಿದ್ದೇ ಈ ತಪ್ಪಿಗೆ. ‘ಅಲ್ಲ ಭಾವ, ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ಇದು ಸಾವಂತವಾಡಿಯ ಎಸ್.ಎಲ್. ಹಲ್ದನ್‌ಕರ್ ಅವರದ್ದು. ಅದೂ ಜಲವರ್ಣ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಇದನ್ನು ಬರೆದದ್ದು ನಲವತ್ತರ ದಶಕದಲ್ಲಿ.’

ಭಾವ ಸ್ವಲ್ಪ ಯೋಚಿಸಿದರು. ‘ಹಾಗಾದರೆ ಮೊದಲೇ ಬರೆದಿಟ್ಟಿರಬೇಕು’ ಎಂದರು.

ಪುಟ್ಟಿ ನಕ್ಕು ನಕ್ಕು ಕಂಬ ಹಿಡಿದುಕೊಂಡಳು. ಅಕ್ಕ ಚಿತ್ರದ ಹಿಂದೆ ಬಲ್ಬ್ ಇದೆಯೇ ಎಂದು ಗೋಡೆಯ ಪಕ್ಕಕ್ಕೆ ಬಗ್ಗಿ ನೋಡಿದಳು. ನಿಂತಿರುವವಳು ಕಲಾವಿದನ ಮಗಳೇ, ಗೀತಾ, ಗಂಟೆಗಟ್ಟಲೆ ಹಾಗೆ ನಿಲ್ಲಿಸಿ ಬರೆದರಂತೆ ಎಂದೆ. ದೊಡ್ಡಮ್ಮ ಚಿತ್ರವನ್ನು ಅಕ್ಕಿಯಷ್ಟೇ ಹೊತ್ತು ನೋಡಿದರು. ‘ಅಪ್ಪ ಹೇಳಿದ ಅಂತ ನಿಂತಿದೆ ಪಾಪ. ಎಣ್ಣೆ ಬಿಸಿಯಾಗಿ ಕೈ ಚುರುಗುಟ್ಟಿರ್ತದೆ. ನಾವು ಕೊಟ್ಟಿಗೆಗೆ ಹೋಗುವಾಗ ಬದಲಾಯಿಸ್ತಿದ್ದೆವು, ಇವಳಿಗೆ ಅದೂ ಇಲ್ಲ’ ಎಂದರು.

ದೇವರಾಜ ಮಾರುಕಟ್ಟೆಯಲ್ಲಿ ನಾನು ಗೈಡ್ ಕೆಲಸ ಬಿಟ್ಟುಕೊಟ್ಟೆ. ಕುಂಕುಮದ ಗುಡ್ಡೆಗಳ ಎದುರು ಪುಟ್ಟಿ ನಿಂತಳು, ಮಲ್ಲಿಗೆಯ ಎದುರು ಅಕ್ಕ. ನಂಜನಗೂಡು ರಸಬಾಳೆ ಕೇಳಿದರೆ ಮೂರು ಅಂಗಡಿಯವರು ಬೇರೆ ಬಾಳೆಹಣ್ಣನ್ನು ಅದೇ ಎಂದು ತೋರಿಸಿದರು. ಭಾವ ಮಾತ್ರ ಎಲೆ ಅಡಿಕೆ ಅಂಗಡಿಯ ಮುಂದೆ ಕಂಬವಾಗಿಬಿಟ್ಟರು. ಮೈಸೂರಿನ ಚಿಗುರೆಲೆಯ ಕಟ್ಟನ್ನು ಮೆಚ್ಚಿ, ಪಕ್ಕದ ಡಬ್ಬಿಯಿಂದ ಅಡಿಕೆ ಚೂರೊಂದನ್ನು ಬಾಯಿಗೆ ಹಾಕಿಕೊಂಡು, ಬೆಲೆ ಕೇಳಿದರು. ಅಂಗಡಿಯವರು ಹೇಳಿದರು. ಇನ್ನೊಮ್ಮೆ ಕೇಳಿದರು. ಅದೇ ಬೆಲೆ. ಭಾವನ ಮುಖದಲ್ಲಿ ಬೆಳಗಿನಿಂದ ಇದ್ದ ನಗು ಎಲ್ಲಿ ಹೋಯಿತೋ.

‘ನಾವು ಮಂಡಿಗೆ ಹಾಕುವಾಗ ಈ ಬೆಲೆ ಯಾರೂ ಹೇಳೋದಿಲ್ಲ’ ಎಂದರು ನನಗೆ ಮಾತ್ರ ಕೇಳುವ ಹಾಗೆ. ‘ಈ ಮಳೆಗಾಲ ಅಡಿಕೆಗೆ ಎರಡು ಸಲ ಬೋರ್ಡೋ ಔಷಧಿ ಹೊಡೆಸಿದೆ. ಮೂರನೆಯದಕ್ಕೆ ಮರ ಹತ್ತುವ ಕೊನೆಗಾರ ಸಿಗಲಿಲ್ಲ. ಮಳೆ ಬಿಡಲಿಲ್ಲ. ಕೆಳಗಿನ ತೋಟ ಪೂರ್ತಿ ಕೊಳೆರೋಗ. ಮರದ ಬುಡದಲ್ಲಿ ಹಸಿರುಕಾಯಿ ಹಾಸಿಕೊಂಡು ಬಿದ್ದಿತ್ತು. ನಿನ್ನ ಅಕ್ಕನಿಗೆ ಪೂರ್ತಿ ಹೇಳಿಲ್ಲ.’ ಬೆಳಿಗ್ಗೆಯಿಂದ ಬಾಗಿಲಿಗೆ, ಗಡಿಯಾರಕ್ಕೆ, ಗೋಡೆಗೆ ಎಲ್ಲದಕ್ಕೂ ರೇಟು ಕೇಳುತ್ತಿದ್ದಾರೆಂದು ನಾನು ಮನಸ್ಸಿನಲ್ಲೇ ಆಡಿಕೊಂಡಿದ್ದೆ. ಈಗ ಏನು ಹೇಳಬೇಕೋ ತಿಳಿಯದೆ ಒಂದು ಕಟ್ಟು ಎಲೆ ಕೊಂಡೆ. ನಾನು ಎಲೆ ಹಾಕುವುದಿಲ್ಲ.

ಅಷ್ಟರಲ್ಲಿ ಅಕ್ಕ ಬಂದು ‘ಸೀರೆ ಅಂಗಡಿ ಎಷ್ಟು ದೂರ?’ ಎಂದಳು. ಭಾವ ತಟಕ್ಕನೆ ನಗು ಹಾಕಿಕೊಂಡು ‘ಹತ್ತಿರವೇ, ಬಾ’ ಎಂದರು, ದಾರಿ ಅವರಿಗೆ ಗೊತ್ತೇ ಇಲ್ಲದಿದ್ದರೂ.

ಸರ್ಕಾರಿ ಮೈಸೂರು ರೇಷ್ಮೆಯ ಮಳಿಗೆಯಲ್ಲಿ ನನಗೆ ಕುರ್ಚಿ ಸಿಕ್ಕಿತು, ಅಷ್ಟು ಹೇಳಿದರೆ ಸಾಕು. ನಾಲ್ವಡಿಯವರ ಕಾಲದಲ್ಲಿ, 1912ರಲ್ಲಿ ಕಾರ್ಖಾನೆ ಶುರುವಾದದ್ದು, ಜರಿಯಲ್ಲಿ ಬೆಳ್ಳಿ ಬಂಗಾರ ಇರುವುದು, ಪ್ರತಿ ಸೀರೆಗೂ ಒಂದು ಸಂಖ್ಯೆ ಇರುವುದು, ಇದನ್ನೆಲ್ಲ ಅಲ್ಲಿನವರೇ ಹೇಳುತ್ತಿದ್ದರು, ನನ್ನ ಅಗತ್ಯ ಬೀಳಲಿಲ್ಲ. ಅಕ್ಕ ಒಂದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡಳು, ಚೀಟಿ ನೋಡಿದಳು, ಮಡಚಿಟ್ಟಳು. ‘ಬಣ್ಣ ಸರಿಯಿಲ್ಲ’ ಎಂದಳು. ಬಣ್ಣ ಚೆನ್ನಾಗಿಯೇ ಇತ್ತು. ಭಾವ ಪೂರ್ತಿ ಹೇಳಿಲ್ಲದಿರಬಹುದು, ಅವಳು ಪೂರ್ತಿ ಕೇಳಿಸಿಕೊಂಡಿದ್ದಾಳೆ ಎಂದು ನನಗೆ ಅನಿಸಿತು. ದೊಡ್ಡಮ್ಮ ಮಾತ್ರ ಸೀರೆಯ ಸೆರಗನ್ನು ಬೆರಳಲ್ಲಿ ಉಜ್ಜಿ, ಮಾರುವ ಹುಡುಗಿಗೆ ಅದನ್ನು ಒಗೆಯುವ ಕ್ರಮ ಹೇಳಿಕೊಡುತ್ತಿದ್ದರು.

ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ಸಿನಲ್ಲಿ ಮೈಸೂರು ಪಾಕ್ ಕಟ್ಟಿಸಿದೆವು. ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿ ‘ಗೊತ್ತು ಮಾವ, ರೀಲ್ಸ್‌ನಲ್ಲಿ ನೋಡಿದ್ದೇನೆ’ ಎಂದಳು. ಬಾಯಿ ತೆರೆದದ್ದು ವ್ಯರ್ಥವಾಗಲಿಲ್ಲ, ದೊಡ್ಡಮ್ಮ ಅದರೊಳಗೆ ಒಂದು ತುಂಡು ಹಾಕಿದರು.

ಮನೆಗೆ ಆಟೊ. ನನ್ನನ್ನು ಡ್ರೈವರ್ ಪಕ್ಕ ಅರ್ಧ ಸೀಟಿನಲ್ಲಿ ತೂರಿಸಿ ನಾಲ್ಕು ಜನ ಹಿಂದೆ ಕೂತರು. ‘ಏನೇನ್ ನೋಡಿದ್ರಿ ಸಾರ್?’ ಎಂದು ಡ್ರೈವರ್ ಕೇಳಿದ. ಭಾವ ಉತ್ಸಾಹದಿಂದ ಮುಂದೆ ಬಗ್ಗಿದರು.

‘ಆ ದೀಪದ ಚಿತ್ರ ನೋಡಿದೆವು. ರವಿವರ್ಮ ತೀರಿಕೊಳ್ಳೋ ಮೊದಲೇ ಬರೆದಿಟ್ಟಿದ್ದಂತೆ. ನಮ್ಮ ಭಾವಮೈದ ಇಸವಿ ಸಮೇತ ಹೇಳಿದ.’

‘ಹೌದು ಸಾರ್’ ಎಂದ ಡ್ರೈವರ್, ನನ್ನ ಕಡೆ ಗೌರವದಿಂದ ನೋಡಿ. ‘ಹಿಂದುಗಡೆ ಜೀರೋ ಕ್ಯಾಂಡಲ್ ಬಲ್ಬ್ ಇಟ್ಟವ್ರೆ.’

‘ನಾನು ಹೇಳಲಿಲ್ವಾ!’ ಎಂದಳು ಅಕ್ಕ.